ಸವತಿ ತಂದ ಆಮೆ

ಸಿದ್ದಬಸಪ್ಪನ ಎರಡನೆಯ ಹೆಂಡತಿ ಅರಸೀಕೆರೆಯ ಮನೆಯ ಹೊಸ್ತಿಲಿಗೆ ಬಂದು ನಿಂತಾಗ, ಆರತಿ ತಟ್ಟೆ ಹಿಡಿದು ಎದುರಿಗೆ ನಿಂತವಳು ಮೊದಲನೆಯ ಹೆಂಡತಿ ಸುವರ್ಣಮ್ಮನೇ. ಬೇರೆ ಯಾರಾದರೂ ಎತ್ತಲಿ ಎಂದು ನೆಂಟರ ಹೆಂಗಸರು ಹೇಳಿದ್ದರು. ಅವಳು ಒಪ್ಪಲಿಲ್ಲ. ಒಳಗೆ ಕೂತು ಅಳುತ್ತಿದ್ದಾಳೆ ಎಂದು ಜನ ಆಡಿಕೊಳ್ಳುವುದಕ್ಕಿಂತ ಎಲ್ಲರ ಕಣ್ಣೆದುರಿಗೆ ಈ ಕೆಲಸವನ್ನೂ ಮುಗಿಸಿಬಿಡುವುದು ವಾಸಿ ಅನ್ನಿಸಿತ್ತು.

ಕಣಕಟ್ಟೆಯ ತೆಂಗಿನ ತೋಟದವರ ಮಗಳು ಸುವರ್ಣಮ್ಮ. ಈ ಮನೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಗಂಡ ಕೊಬ್ಬರಿ ವ್ಯಾಪಾರಿ. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮಂಡಿ, ಮಂಡಿಗೆ ಅಂಟಿಕೊಂಡೇ ಮನೆ. ಅಡುಗೆಮನೆಯ ಮೇಲಿನ ಅಟ್ಟದ ತುಂಬ ತೆಂಗಿನಕಾಯಿ. ಅವು ಒಳಗೊಳಗೇ ಒಣಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಷ್ಟು ಕಾಲವೂ ಅವುಗಳನ್ನು ತಿರುವಿ ಹಾಕುವುದು, ಇಲಿ ಮುಟ್ಟದ ಹಾಗೆ ಕಾಯುವುದು, ಸೋರುವ ಹೆಂಚು ನೋಡಿಕೊಳ್ಳುವುದು ಸುವರ್ಣಮ್ಮನ ಕೆಲಸ. ಆ ಕೆಲಸದಲ್ಲಿ ಅವಳ ಮೇಲೆ ಯಾರೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಮಕ್ಕಳಾಗಲಿಲ್ಲ ಎನ್ನುವುದೊಂದೇ ಅವಳ ಮೇಲಿದ್ದ ದೂರು.

ಹೊಸ ಹೆಣ್ಣು ಹಾರನಹಳ್ಳಿಯವಳು. ಹೆಸರು ದ್ರಾಕ್ಷಾಯಣಿ. ತಾಯಿ ಬೇಗ ತೀರಿಕೊಂಡು, ತಂದೆ ದೇವೀರಪ್ಪನ ಮನೆವಾರ್ತೆಯೆಲ್ಲ ಅವಳ ತಲೆಗೇ ಬಿದ್ದಿದ್ದರಿಂದ ಮದುವೆ ತಡವಾಗಿತ್ತು. ಇಪ್ಪತ್ತು ದಾಟಿದ್ದಳು. ಸುವರ್ಣಮ್ಮ ಆರತಿ ಬೆಳಗಿ ಹಣೆಗೆ ಕುಂಕುಮ ಇಡಲು ಹೋದಾಗ ಅವಳ ಸೆರಗಿನಲ್ಲಿ ಏನೋ ಗಂಟು ಕಂಡಿತು. ಗಂಟು ಅಲ್ಲಾಡಿತು.

"ಏನಮ್ಮ ಅದು?"

"ಆಮೆ ಅಕ್ಕೋರೆ," ಎಂದಳು ದ್ರಾಕ್ಷಾಯಣಿ, ತಲೆ ತಗ್ಗಿಸಿಕೊಂಡೇ. "ದಾರೀಲಿ ನಮ್ಮ ಗಾಡಿ ಚಕ್ರಕ್ಕೇ ಸಿಕ್ಕಿಹಾಕ್ಕೊಂಡ್ತು. ಚಿಪ್ಪು ಸೀಳೈತೆ. ಬಿಟ್ಟು ಬರಕ್ಕೆ ಮನಸ್ಸಾಗ್ಲಿಲ್ಲ."

ಹಿಂದೆ ನಿಂತಿದ್ದ ಹೆಂಗಸರಲ್ಲಿ ಗುಸುಗುಸು ಎದ್ದಿತು. ಆಮೆ ಹೊಸ್ತಿಲು ದಾಟುವುದು ಮನೆಗೆ ಒಳ್ಳೆಯದಲ್ಲ ಎಂದು ಆ ಕಡೆ ಎಲ್ಲರೂ ನಂಬಿದವರೇ. ಅದರಲ್ಲೂ ಹೊಸ ಮದುವೆಯ ಹೆಣ್ಣಿನ ಮಡಿಲಲ್ಲಿ! ಸಿದ್ದಬಸಪ್ಪ ಮಾತ್ರ ಸಂತೋಷದಲ್ಲಿದ್ದ. ನಕ್ಕು, "ಹಿತ್ತಲ ಬಾವಿಗೆ ಬಿಡಿ ಅತ್ತಾಗೆ. ಆಮೆ ಇದ್ರೆ ನೀರು ಚೊಕ್ಕಟವಾಗಿರ್ತದೆ," ಎಂದ. ಆಳು ಅದನ್ನು ತೆಗೆದುಕೊಂಡು ಹೋದ. ದ್ರಾಕ್ಷಾಯಣಿ ಬಲಗಾಲಿಟ್ಟು ಒಳಗೆ ಬಂದಳು.

ಮಾರನೆಯ ಬೆಳಿಗ್ಗೆ ನೀರು ಸೇದಲು ಹೋದ ಸುವರ್ಣಮ್ಮ ಬಾವಿಯೊಳಗೆ ಬಗ್ಗಿ ನೋಡಿದಳು. ಆಮೆ ಈಜುತ್ತಿರಲಿಲ್ಲ. ಬಾವಿಯ ಕಲ್ಲಿನ ಸಂದಿಗೆ ಮುಂಗಾಲು ಸಿಕ್ಕಿಸಿ, ಕತ್ತು ಉದ್ದಕ್ಕೆ ಚಾಚಿ, ಮೂಗನ್ನು ನೀರಿನ ಮೇಲೆ ಹಿಡಿದುಕೊಳ್ಳಲು ಒದ್ದಾಡುತ್ತಿತ್ತು. ಕಾಲು ಸೋತು ಮುಳುಗುತ್ತಿತ್ತು, ಮತ್ತೆ ಏಳುತ್ತಿತ್ತು. ಬೆನ್ನ ಮೇಲಿನ ಹಳದಿ ಗೆರೆಗಳು ನೀರಿನಲ್ಲಿ ನಕ್ಷತ್ರದ ಹಾಗೆ ಕಂಡವು. ಆ ಗೆರೆಗಳನ್ನು ಅವಳು ಚಿಕ್ಕಂದಿನಲ್ಲಿ ಎಷ್ಟೋ ಸಲ ಕಂಡಿದ್ದಳು. ಕಣಕಟ್ಟೆಯ ಬೇಲಿಗಳಲ್ಲಿ, ಜಾಲಿಯ ಬುಡದಲ್ಲಿ, ಒಂದು ಹನಿ ನೀರು ಕಾಣದ ಬೋರೆಯಲ್ಲಿ ಇಂಥವೇ ಆಮೆಗಳು ಹುಲ್ಲು ಮೇಯುತ್ತಿದ್ದವು.

ಅವಳು ಹಗ್ಗಕ್ಕೆ ಮಂಕರಿ ಕಟ್ಟಿ ಇಳಿಬಿಟ್ಟಳು. ಮಂಕರಿಯನ್ನು ಆಮೆಯ ಅಡಿಗೆ ತೂರಿಸಲು ಬಹಳ ಹೊತ್ತು ಹಿಡಿಯಿತು. ಮೇಲೆ ತಂದಾಗ ಅದರ ತಲೆ ಜೋತುಬಿದ್ದಿತ್ತು. ತಲೆ ಕೆಳಗಾಗಿ ಹಿಡಿದು ಮೆಲ್ಲಗೆ ಅಲುಗಿಸಿದಳು. ಮೂಗಿನಿಂದ ಬಾಯಿಂದ ನೀರು ಸುರಿಯಿತು. ಅಷ್ಟರಲ್ಲಿ ದ್ರಾಕ್ಷಾಯಣಿ ಓಡಿಬಂದಿದ್ದಳು.

"ಬದುಕ್ತದಾ ಅಕ್ಕೋರೆ?"

"ಇದು ನೆಲದಾಮೆ ಕಣೇ. ನೀರಲ್ಲಿರೋ ಆಮೆಗೆ ಬೆರಳ ಸಂದೀಲಿ ತೊಗಲಿರ್ತದೆ. ಇದರ ಕಾಲು ನೋಡು, ಆನೆ ಕಾಲಿದ್ದಂಗೆ ಐತೆ. ಬಾವಿಗೆ ಹಾಕಿದ್ರೆ ಎಷ್ಟೊತ್ತು ತಡಕೊಂಡೀತು?"

"ನಂಗೆ ಗೊತ್ತಿರಲಿಲ್ಲ," ಎಂದು ದ್ರಾಕ್ಷಾಯಣಿ ಅಳಲು ಶುರುಮಾಡಿದಳು. ಬಾವಿಕಟ್ಟೆಗೆ ಒರಗಿ, ಸೆರಗು ಬಾಯಿಗೆ ತುರುಕಿಕೊಂಡು, ತಡೆಯಲಾಗದೆ ಅತ್ತಳು. ಅದು ಆಮೆಗಾಗಿ ಬಂದ ಅಳು ಮಾತ್ರವಲ್ಲ, ಹಿಂದಿನ ದಿನದಿಂದ ಅದುಮಿಟ್ಟುಕೊಂಡದ್ದು ಎಂದು ಸುವರ್ಣಮ್ಮನಿಗೆ ತಿಳಿಯಿತು. ಇವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಂಗಳುಗಟ್ಟಲೆ ಗಟ್ಟಿ ಮಾಡಿಕೊಂಡಿದ್ದ ಮನಸ್ಸು ಎಲ್ಲಿಯೋ ಸಡಿಲಿತು. "ಹೋಗು, ಒಳಗಿಂದ ಚೂರು ಅರಿಸಿನ, ಕೊಬ್ಬರಿ ಎಣ್ಣೆ ತಗಂಬಾ," ಎಂದಷ್ಟೇ ಹೇಳಿದಳು.

ಸೀಳಿದ ಚಿಪ್ಪನ್ನು ತೊಳೆದು, ಒರೆಸಿ, ಅರಿಸಿನದೆಣ್ಣೆ ಹಚ್ಚಿದರು. ಆಮೇಲೆ ಅದನ್ನು ಇಡುವುದೆಲ್ಲಿ ಎನ್ನುವ ಪ್ರಶ್ನೆ. ಕೊಟ್ಟಿಗೆ ತೇವ. ಬಚ್ಚಲ ಹತ್ತಿರವಂತೂ ಆಗದು. ಸುವರ್ಣಮ್ಮ ಹಿತ್ತಲನ್ನೆಲ್ಲ ಒಂದು ಸುತ್ತು ಹಾಕಿ, ಮಂಡಿಯ ಗೋಡೆಯ ಬುಡದಲ್ಲಿ ಜಾಗ ಹುಡುಕಿದಳು. ಅಲ್ಲಿ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಮಧ್ಯಾಹ್ನ ನುಗ್ಗೆಮರದ ನೆರಳು. ನೆಲ ಗಟ್ಟಿಯಾದ ಕೆಮ್ಮಣ್ಣು, ಮಳೆ ಬಂದರೂ ನೀರು ನಿಲ್ಲದೆ ಆಚೆ ಹರಿಯುವಂಥದು. ಇಬ್ಬರೂ ಕೂಡಿ ಸುತ್ತ ಕಲ್ಲು ಜೋಡಿಸಿದರು. ನಾಯಿ, ಮುಂಗುಸಿ ಹಾರದ ಹಾಗೆ ಕಲ್ಲಿನ ಮೇಲೆ ಜಾಲಿಮುಳ್ಳು ಇಟ್ಟರು. ಬಿರುಕು ಬಿಟ್ಟು ಮೂಲೆ ಸೇರಿದ್ದ ದೊಡ್ಡ ಗುಡಾಣವೊಂದನ್ನು ಅಡ್ಡ ಮಲಗಿಸಿ, ಅರ್ಧ ಮಣ್ಣಿನಲ್ಲಿ ಹೂತು, ಒಳಗೆ ಒಣಗಿದ ತೆಂಗಿನ ನಾರು ಹಾಸಿದರು. ಅದು ಆಮೆಯ ಮಲಗುವ ಮನೆ. ಕುಡಿಯುವುದಕ್ಕೆ ಮೊದಲು ಕರಟದಲ್ಲಿ ನೀರಿಟ್ಟರು. ಆಮೆ ಅದನ್ನು ಉರುಳಿಸಿಬಿಟ್ಟಿತು. ಬೋಗುಣಿ ಇಟ್ಟರೆ ಹತ್ತಲಾರದೆ ಅಂಗಾತ ಬಿದ್ದು ಕಾಲು ಬಡಿಯಿತು. ಕೊನೆಗೆ ಒಡೆದ ಮಡಕೆಯ ತಳವನ್ನು ನೆಲದ ಮಟ್ಟಕ್ಕೆ ಹೂತು, ಬೆರಳ ಗೆಣ್ಣಿನಷ್ಟೇ ನೀರು ಹಾಕಿದಾಗ ಅದು ತಾನಾಗಿ ನಡೆದು ಹೋಗಿ, ಗದ್ದ ಅದ್ದಿ, ಕಣ್ಣು ಮುಚ್ಚಿಕೊಂಡು ಕುಡಿಯಿತು.

ಊಟದ್ದು ಇನ್ನೊಂದು ಪಾಡು. ದ್ರಾಕ್ಷಾಯಣಿ ಅಕ್ಕರೆಯಿಂದ ಹಾಲನ್ನ ಕಲಸಿ ಇಟ್ಟಳು. ಆಮೆ ಮೂತಿಗೆಲ್ಲ ಮೆತ್ತಿಕೊಂಡು ತಿಂದಿತು. ಆಮೇಲೆ ಹೊಟ್ಟೆ ಕೆಟ್ಟು ಗುಡಾಣದಿಂದ ಹೊರಗೇ ಬರಲಿಲ್ಲ.

"ಬೇಲೀಲಿ ಅದಕ್ಕೆ ಹಾಲನ್ನ ಯಾರು ಇಡ್ತಿದ್ರೇ?" ಎಂದಳು ಸುವರ್ಣಮ್ಮ. "ಏನು ತಿಂದು ಬೆಳೆದೈತೋ ಅದನ್ನೇ ಕೊಡಬೇಕು."

ಗರಿಕೆ, ಹೊನಗೊನೆ ಸೊಪ್ಪು, ನುಗ್ಗೆಯ ಎಳೆಯ ಎಲೆ ಹಾಕಿ ನೋಡಿದರು. ಮೂಸಿ ಬಿಟ್ಟಿತು. ಒಂದು ಬೆಳಿಗ್ಗೆ ಪೂಜೆಯ ಬುಟ್ಟಿಯಿಂದ ಜಾರಿದ ದಾಸವಾಳದ ಹೂವೊಂದು ಮುಳ್ಳಿನ ಮೇಲಿಂದ ಒಳಗೆ ಬಿತ್ತು. ಆಮೆ ಕತ್ತು ಚಾಚಿ, ಆ ಕೆಂಪು ಎಸಳನ್ನು ಕಚ್ಚಿ ಎಳೆಯಿತು. ದ್ರಾಕ್ಷಾಯಣಿ ಚಪ್ಪಾಳೆ ತಟ್ಟಿದಳು. ಹೂವಿನ ಹಿಂದೆಯೇ ಸೊಪ್ಪೂ ರುಚಿಸತೊಡಗಿತು. ಅದು ಆಗಾಗ ಗೋಡೆಯ ಬುಡದ ಸುಣ್ಣವನ್ನು ಕೆರೆದು ತಿನ್ನುವುದನ್ನು ನೋಡಿ ಸುವರ್ಣಮ್ಮ ಉದುರಿದ ಹಳೆಯ ಗಾರೆಯ ಚೂರುಗಳನ್ನು ಆಯ್ದು ತಂದು ಅಲ್ಲಿಯೇ ಹಾಕುತ್ತಿದ್ದಳು. ಅದಕ್ಕೆ ಬೇಕಾದ್ದು ಅದಕ್ಕೇ ಗೊತ್ತಿತ್ತು.

ಆಷಾಢ ಬಂತು. ಹೊಸದಾಗಿ ಮದುವೆಯಾದ ಹೆಣ್ಣು ಆ ತಿಂಗಳು ತವರಿಗೆ ಹೋಗುವುದು ವಾಡಿಕೆ. ಗಾಡಿ ಹತ್ತುವಾಗ ದ್ರಾಕ್ಷಾಯಣಿ, "ಅದನ್ನ ನೋಡ್ಕೊಳ್ಳಿ ಅಕ್ಕೋರೆ," ಎಂದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಆ ವರ್ಷ ಜಿನುಗುಮಳೆ ಬಿಡದೆ ಹಿಡಿಯಿತು. ಆಮೆ ತಿನ್ನುವುದು ಬಿಟ್ಟಿತು. ಮೂಗಿನಲ್ಲಿ ಗುಳ್ಳೆ ಗುಳ್ಳೆಯಾಗಿ ಸಿಂಬಳ, ಕಣ್ಣಿಗೆ ಪಿಸುರು. ಗುಡಾಣದೊಳಗಿನ ನಾರನ್ನು ಮುಟ್ಟಿದರೆ ತಣ್ಣಗಿತ್ತು. ಸುವರ್ಣಮ್ಮ ಯೋಚನೆ ಮಾಡಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಟ್ಟಕ್ಕೆ ಏರಿಸಿದಳು. ಕೆಳಗೆ ಅಡುಗೆ ಒಲೆ ಉರಿಯುವುದರಿಂದ ಮನೆಯಲ್ಲೆಲ್ಲ ಬೆಚ್ಚಗಿದ್ದ ಜಾಗ ಅದೊಂದೇ. ಹೊಗೆ ಬಾರದ ಮೂಲೆಯಲ್ಲಿ ಗೋಣಿತಾಟು ಹಾಸಿದಳು. ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ಒರೆಸಿ, ಕಣ್ಣು ತೊಳೆದಳು. ಬಿಸಿಲು ಒಂದಿಷ್ಟು ಇಣುಕಿದರೂ ಅಂಗಳಕ್ಕೆ ತಂದು ಕಾಯಿಸಿದಳು. ಹೀಗೆ ಮಾಡುತ್ತಿರುವಾಗ, ಯಾರಿಗಾಗಿ ಮಾಡುತ್ತಿದ್ದೇನೆ ಎಂದು ಒಮ್ಮೆ ತನ್ನನ್ನೇ ಕೇಳಿಕೊಂಡಾಗ ಅವಳಿಗೆ ನಾಚಿಕೆಯಾಯಿತು. ಅವಳು ಶ್ರಾವಣಕ್ಕಾಗಿ ಕಾಯುತ್ತಿದ್ದಳು. ಸವತಿ ಬರುವುದನ್ನು ಕಾಯುತ್ತಿದ್ದಳು.

ಶ್ರಾವಣದಲ್ಲಿ ದ್ರಾಕ್ಷಾಯಣಿ ಬಂದವಳೇ ನೇರ ಹಿತ್ತಲಿಗೆ ಓಡಿದಳು. ಗುಡಾಣ ಬರಿದಾಗಿತ್ತು. ಎಸೆದರೋ ಸತ್ತಿತೋ ಎಂದು ಅಲ್ಲಿಯೇ ಕುಸಿದವಳಿಗೆ ಅಟ್ಟದ ಕಿಂಡಿಯಿಂದ ಸುವರ್ಣಮ್ಮನ ದನಿ ಕೇಳಿಸಿತು. "ಇಲ್ಲೈತೆ ಬಾರೇ ಹುಚ್ಚಿ!"

ಏಣಿ ಹತ್ತಿ ಬಂದು ನೋಡಿದರೆ, ಆಮೆ ತೆಂಗಿನಕಾಯಿಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತಿತ್ತು. ಅದು ತಳ್ಳಿದ್ದಕ್ಕೆ ಒಂದು ಕಾಯಿ ಉರುಳಿ, ಅದರ ಹಿಂದೆ ಇನ್ನೊಂದು ಉರುಳಿ, ರಾಶಿಯೇ ಜಾರಿತು. ಇಬ್ಬರೂ ನಕ್ಕರು. ದ್ರಾಕ್ಷಾಯಣಿ ನಗುತ್ತ ನಗುತ್ತಲೇ ಸುವರ್ಣಮ್ಮನ ತೋಳು ಹಿಡಿದುಕೊಂಡು, "ಅಕ್ಕ, ನೀನು ಇಲ್ಲದಿದ್ರೆ ಇದು ಸತ್ತೇ ಹೋಗ್ತಿತ್ತು," ಎಂದಳು. ಅಕ್ಕೋರೆ ಹೋಗಿ ಅಕ್ಕ ಆಗಿದ್ದು, ನೀವು ಹೋಗಿ ನೀನು ಆಗಿದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಸುವರ್ಣಮ್ಮನಿಗೆ ಗೊತ್ತಾಯಿತು.

ಅಲ್ಲಿಂದ ಮುಂದಿನ ಎರಡು ವರ್ಷ ಸುವರ್ಣಮ್ಮನ ಬಾಳಿನಲ್ಲೇ ಒಳ್ಳೆಯ ಕಾಲ. ಇಬ್ಬರೂ ಕೂಡಿ ಅಟ್ಟದ ಕಾಯಿ ತಿರುವಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡು ಗುಡುಗುಡು ಅನ್ನುವುದನ್ನು ಗುರುತಿಸಲು ಸುವರ್ಣಮ್ಮ ಅವಳಿಗೆ ಕಲಿಸಿದಳು. ಆಮೆ ಬೇಸಗೆಯಲ್ಲಿ ಹಿತ್ತಲಲ್ಲಿ, ಮಳೆಗಾಲದಲ್ಲಿ ಅಟ್ಟದಲ್ಲಿ. ಅದರ ಚಿಪ್ಪಿನ ಸೀಳು ಕೂಡಿಕೊಂಡು ಒಂದು ಗೆರೆಯಷ್ಟೇ ಉಳಿಯಿತು. ಅಕ್ಕಪಕ್ಕದವರು, ಇವರೇನು ಸವತಿಯರೋ ತಾಯಿ ಮಗಳೋ ಎಂದರು. ಅದನ್ನು ಕೇಳಿ ಸಿದ್ದಬಸಪ್ಪನಿಗೆ ಅಂಥ ಸಂತೋಷವೇನೂ ಆಗಲಿಲ್ಲ. ಅವನು ಎರಡನೆಯ ಮದುವೆಯಾದದ್ದು ಇಬ್ಬರು ಹೆಂಗಸರು ಆಮೆ ಸಾಕಲಿ ಎಂದಲ್ಲ.

ಮೂರನೆಯ ವರ್ಷಕ್ಕೆ ಮಾತು ಶುರುವಾಯಿತು. ಇವಳ ಹೊಟ್ಟೆಯೂ ಬರಿದು ಎಂದರು. ಸಿದ್ದಬಸಪ್ಪನ ಅಕ್ಕ ಬಂದವಳು ಹಿತ್ತಲಿನ ಗುಡಾಣ ನೋಡಿ, "ಇದನ್ನ ಕಟ್ಕೊಂಡು ಬಂದ ದಿವಸಾನೇ ನಾನು ಅಂದ್ಕೊಂಡೆ. ಮೊದಲು ಇದನ್ನ ಆಚೆ ಎಸೀರಿ, ಆಮೇಲೆ ತೊಟ್ಟಿಲ ಮಾತು," ಎಂದಳು. ಸಿದ್ದಬಸಪ್ಪ ಆಳನ್ನು ಕೂಗಿದ.

"ಇದು ಬರೋಕೆ ಮುಂಚೆ ಹದಿನಾಲ್ಕು ವರ್ಷ ಈ ಮನೇಲಿ ಯಾವ ಆಮೆ ಇತ್ತು ಅತ್ತಿಗೆ?" ಎಂದಳು ಸುವರ್ಣಮ್ಮ.

ಸಿದ್ದಬಸಪ್ಪ ಬಂದ ಆಳನ್ನು ಮಂಡಿಗೆ ವಾಪಸ್ಸು ಕಳಿಸಿದ. ಆಮೆ ಉಳಿಯಿತು. ಆದರೆ ಅಂದಿನಿಂದ ಸಿದ್ದಬಸಪ್ಪ ದ್ರಾಕ್ಷಾಯಣಿಯ ಜೊತೆ ಮಾತು ಬಿಟ್ಟ. ಉಣ್ಣಲು ಕೂತಾಗಲೂ ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದ. ಆ ಮಾತುಬಿಡುವಿಕೆಯ ರುಚಿ ಹೇಗಿರುತ್ತದೆಂದು ಸುವರ್ಣಮ್ಮನಿಗೆ ತಿಳಿದಿತ್ತು. ಅತ್ತಿಗೆ ಎಲ್ಲಿಂದಲೋ ತರಿಸಿಕೊಟ್ಟ ಬೇರಿನ ಕಷಾಯವನ್ನು ದ್ರಾಕ್ಷಾಯಣಿ ಕುಡಿಯತೊಡಗಿದಳು. ಕುಡಿದು ವಾಂತಿ ಮಾಡಿಕೊಳ್ಳುವಳು, ಮತ್ತೆ ಕುಡಿಯುವಳು. ಸೋಮವಾರದ ಉಪವಾಸ ಮೂರು ದಿನದ ಉಪವಾಸವಾಯಿತು. ಕೈಬಳೆ ಮೊಣಕೈವರೆಗೆ ಜಾರುವಂತಾಯಿತು. ಮೊದಲೆಲ್ಲ ಆಮೆಗೆ ಸೊಪ್ಪು ಹಾಕುತ್ತ ಹರಟುತ್ತಿದ್ದವಳು ಈಗ ಅಲ್ಲಿಯೇ ಗೋಡೆಗೊರಗಿ ಸುಮ್ಮನೆ ಕೂತಿರುತ್ತಿದ್ದಳು. "ಕುಡೀಬೇಡ ಕಣೇ," ಎಂದರೆ, "ನೀನು ಕುಡೀಲಿಲ್ವಾ ಅಕ್ಕ?" ಎನ್ನುವಳು. ಕುಡಿದಿದ್ದಳು ಸುವರ್ಣಮ್ಮ. ಅದಕ್ಕೇ ಅವಳಿಗೆ ಭಯ.

ಅವಳ ಎದೆಯ ಮೇಲೆ ಇನ್ನೊಂದು ಭಾರವೂ ಇತ್ತು. ಸುವರ್ಣಮ್ಮನನ್ನು ಮದುವೆಯಾದ ಹೊಸತರಲ್ಲಿ ಸಿದ್ದಬಸಪ್ಪನಿಗೆ ಮಂಗನಬಾವು ಬಂದು, ಬಾವು ಕೆಳಗಿಳಿದು, ಜ್ವರದಲ್ಲಿ ಸಾಯುವ ಹಾಗಾಗಿದ್ದ. ಕೆಲವು ವರ್ಷದ ಮೇಲೆ ಹೆಂಡತಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ. ಡಾಕ್ಟರು ಇಬ್ಬರನ್ನೂ ನೋಡಿ, ಅವನೊಬ್ಬನನ್ನೇ ಒಳಗೆ ಕೂರಿಸಿಕೊಂಡು ಮಾತಾಡಿದರು. ಪರದೆಯ ಈಚೆ ಬೆಂಚಿನ ಮೇಲೆ ಕೂತಿದ್ದ ಸುವರ್ಣಮ್ಮನಿಗೆ ಅದು ಕೇಳಿಸಿತ್ತು. ನಿಮ್ಮ ಹೆಂಡತಿಯಲ್ಲಿ ದೋಷವಿಲ್ಲ, ಆ ಕಾಯಿಲೆಯಿಂದ ನಿಮಗೆ ಆಗಿದೆ, ಮಕ್ಕಳಾಗುವ ಆಸೆ ಬಿಡಿ ಎಂದಿದ್ದರು. ಸಿದ್ದಬಸಪ್ಪ ಹೊರಗೆ ಬಂದು, "ಔಷಧಿ ತಗೋಬೇಕಂತೆ ನೀನು," ಎಂದ. ಅವಳು ಹೂಂ ಎಂದಳು. ಅಂದಿನಿಂದ ಅವನೂ ಆ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಡಾಕ್ಟರು ಹೇಳಿದ್ದು ಸುಳ್ಳೆಂದು ಅವನು ನಂಬಿಕೊಂಡು ಎರಡನೆಯ ಮದುವೆಗೆ ಹೊರಟಾಗಲೂ ಅವಳು ಬಾಯಿಬಿಡಲಿಲ್ಲ. ಹಾರನಹಳ್ಳಿಗೆ ಒಂದು ಮಾತು ಮುಟ್ಟಿಸಬಹುದಿತ್ತು. ಗಂಡನ ಮರ್ಯಾದೆ ಎಂದು ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯ ಫಲ ಈಗ ಬಚ್ಚಲಲ್ಲಿ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿತ್ತು.

ಒಂದು ದಿನ ತವರಿಗೆ ಹೋಗುತ್ತೇನೆಂದು ಹೇಳಿ ಅವಳು ಹಾರನಹಳ್ಳಿಗೆ ಹೋದಳು. ದೇವೀರಪ್ಪ ಗಾಬರಿಯಾಗಿ ಎದ್ದು ಬಂದ.

"ನಿಮ್ಮ ಮಗಳನ್ನ ಕರ್ಕೊಂಡು ಬಂದ್ಬಿಡಿ," ಎಂದಳು ಸುವರ್ಣಮ್ಮ, ಕೂರುವ ಮುಂಚೆಯೇ.

"ಯಾಕವ್ವ? ಏನು ತಪ್ಪು ಮಾಡ್ತು ಮಗು?"

"ಅದೇನೂ ಮಾಡಿಲ್ಲ. ಕೊರತೆ ನಮ್ಮ ಯಜಮಾನರದು. ನಂಗೆ ಮೊದಲಿಂದಾನೂ ಗೊತ್ತಿತ್ತು, ಹೇಳ್ಲಿಲ್ಲ. ಆ ಮನೇಲಿ ಇದ್ರೆ ಅವಳು ನನ್ನಂಗೇ ಆಗ್ತಾಳೆ. ಅಷ್ಟು ದಿವಸ ಬದುಕ್ತಾಳೋ ಇಲ್ವೋ ಅದೂ ಗೊತ್ತಿಲ್ಲ. ಬಿಡುಗಡೆ ಮಾಡಿಸ್ಕೊಳ್ಳಿ. ಎಲ್ಲಾದ್ರೂ ಒಳ್ಳೇ ಕಡೆ ಉಡಿಕೆ ಮಾಡಿ."

ಗಂಡನಿಂದ ಬಿಡುಗಡೆಯಾದ ಹೆಣ್ಣಿಗೆ ಸೀರೆ ಉಡಿಸಿ ಇನ್ನೊಂದು ಮನೆ ಸೇರಿಸುವುದು ಅವರ ಜನದಲ್ಲಿ ನಡೆಯುತ್ತಿತ್ತು. ದೊಡ್ಡ ಮನೆಯವರು ಮೂಗು ಮುರಿಯುತ್ತಿದ್ದರು, ಅಷ್ಟೆ. "ನಿಮ್ಮ ಯಜಮಾನರು ಬಿಡಬೇಕಲ್ಲವ್ವ," ಎಂದ ದೇವೀರಪ್ಪ. "ಬಿಡಿಸೋದು ನನಗಿರಲಿ," ಎಂದಳು ಅವಳು.

ಸಿದ್ದಬಸಪ್ಪ ಕೇಳಿದ ಕೂಡಲೇ ಕೂಗಾಡಿದ. ಮಠದ ಬಾಗಿಲಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂದ. ಸುವರ್ಣಮ್ಮ ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು.

"ಬೆಂಗಳೂರಲ್ಲಿ ಪರದೆ ಈಚೆ ನಾನು ಕೂತಿದ್ದೆ," ಎಂದಳು. ಹದಿನೇಳು ವರ್ಷದಲ್ಲಿ ಗಂಡನಿಗೆ ಎದುರಾಡಿದ್ದು ಅದೇ ಮೊದಲು. "ನೀವು ಅವಳನ್ನ ಬಿಡದಿದ್ರೆ ಮಠದಲ್ಲಿ ಹಿರೀರ ಮುಂದೆ ಆ ಮಾತು ಹೇಳ್ತೀನಿ."

ಸಿದ್ದಬಸಪ್ಪನ ಮುಖ ಬಿಳಿಚಿತು. ಎದ್ದು ಕಿಟಕಿ ಮುಚ್ಚಿ ಬಂದು ಮೆಲ್ಲಗೆ ಕೇಳಿದ. "ಜನಕ್ಕೆ ಏನು ಹೇಳೋದು?"

"ನನ್ನ ಮೇಲೆ ಹಾಕಿ."

"ಏನಂತ?"

"ಸವತಿ ಮತ್ಸರ ಅಂತ. ಇವಳಿದ್ರೆ ನಾನು ಬಾವಿ ನೋಡ್ಕೋತೀನಿ ಅಂತ ಹಟ ಹಿಡಿದೀನಿ ಅಂತ. ನಾನೇ ಹೇಳ್ತೀನಿ, ಎಲ್ಲರ ಮುಂದೆ."

ಹಾಗೆಯೇ ಆಯಿತು. ಮಠದ ಪಡಸಾಲೆಯಲ್ಲಿ ಅಯ್ಯನವರು, ನಾಲ್ಕು ಜನ ಹಿರಿಯರು, ಒಂದು ಕಡೆ ದೇವೀರಪ್ಪ, ಕಂಬದ ಮರೆಯಲ್ಲಿ ದ್ರಾಕ್ಷಾಯಣಿ. ಸುವರ್ಣಮ್ಮ ಎದ್ದು ನಿಂತು, ಕಲಿತ ಪಾಠ ಒಪ್ಪಿಸುವ ಹಾಗೆ ಹೇಳಿದಳು. ಇವಳ ಜೊತೆ ಒಂದೇ ಸೂರಿನಡಿ ಬಾಳಲು ತನ್ನಿಂದಾಗದು. ಮೂರು ವರ್ಷ ಬಾಯಿಮುಚ್ಚಿಕೊಂಡು ಸಹಿಸಿದ್ದೇ ಹೆಚ್ಚು. ಇವಳನ್ನು ಕಳಿಸಬೇಕು, ಇಲ್ಲದಿದ್ದರೆ ತನ್ನ ಹೆಣ ಎತ್ತಬೇಕು. ಹಿರಿಯರು ಛೆ ಛೆ ಎಂದರು. ಒಬ್ಬರು ಇಷ್ಟು ದಿವಸ ಏನು ನಾಟಕ ಆಡಿದೆಯಮ್ಮ ಎಂದೂ ಕೇಳಿದರು. ದೇವೀರಪ್ಪ ತಲೆ ಎತ್ತಲಿಲ್ಲ. ನಿಜ ಬಾಯಿಬಿಡುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ. ಮಗಳಿಗೆ ತಿಳಿದಿದ್ದರೆ ಅವಳು ಅಲ್ಲಿಯೇ ಕೂಗಿ ಹೇಳಿಬಿಡುತ್ತಿದ್ದಳು; ಆಗ ಸಿದ್ದಬಸಪ್ಪ ಹಟಕ್ಕೆ ಬಿದ್ದು ಅವಳನ್ನು ಬಿಡುತ್ತಲೇ ಇರಲಿಲ್ಲ.

ಸುವರ್ಣಮ್ಮ ಕಂಬದ ಕಡೆ ನೋಡಬಾರದೆಂದುಕೊಂಡಿದ್ದಳು. ನೋಡಿಬಿಟ್ಟಳು. ದ್ರಾಕ್ಷಾಯಣಿ ಅಳುತ್ತಿರಲಿಲ್ಲ. ಬಾಯಿ ಅರ್ಧ ತೆರೆದುಕೊಂಡು, ಕೇಳಿದ್ದು ಅರ್ಥವಾಗದವಳ ಹಾಗೆ ನೋಡುತ್ತಿದ್ದಳು.

ಮಾರನೆಯ ದಿನ ಹಾರನಹಳ್ಳಿಯ ಗಾಡಿ ಬಂತು. ದ್ರಾಕ್ಷಾಯಣಿ ತನ್ನ ಪೆಟ್ಟಿಗೆ ತಾನೇ ಹೊತ್ತಿಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ, ಮುಳ್ಳು ಸರಿಸಿ, ಆಮೆಯನ್ನು ಎತ್ತಿಕೊಂಡಳು. ಬಾಗಿಲಲ್ಲಿ ಸುವರ್ಣಮ್ಮ ನಿಂತಿದ್ದಳು.

"ಮಳೆ ಶುರುವಾಗ್ತದೆ," ಎಂದಳು ಸುವರ್ಣಮ್ಮ. "ಬೆಚ್ಚಗಿರೋ ಕಡೆ..."

"ನೀವೇನೂ ಹೇಳ್ಬೇಡಿ," ಎಂದಳು ದ್ರಾಕ್ಷಾಯಣಿ. "ನಾನು ನಿಮ್ಮನ್ನ ಅಕ್ಕ ಅಂತ ಬಾಯ್ತುಂಬ ಕರೆದಿದ್ನಲ್ಲ, ಅಷ್ಟೇ ಸಾಕು ನಂಗೆ."

ಗಾಡಿ ತಿರುಗುವ ಹೊತ್ತಿಗೆ ಸುವರ್ಣಮ್ಮ ಒಣನಾರು ತುಂಬಿದ ಚೀಲವೊಂದನ್ನು ದೇವೀರಪ್ಪನ ಕೈಗೆ ಕೊಟ್ಟಳು. ಒಳಗೆ ಬಂದು ಒಲೆ ಹಚ್ಚಿದಳು. ಅಕ್ಕಿ ತೊಳೆಯುವಾಗ ಮೂವರಿಗಾಗುವಷ್ಟು ಹಾಕಿದ್ದು ಬೇಯುವಾಗ ಅವಳಿಗೆ ಗೊತ್ತಾಯಿತು.

ಆಮೇಲಿನ ವರ್ಷಗಳು ಅವಳಿಗೆ ಕೆಟ್ಟವು. ಬೀದಿಯ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಹಬ್ಬಕ್ಕೆ ಅರಿಸಿನ ಕುಂಕುಮಕ್ಕೆ ಕರೆಯುವಾಗ ಅವಳ ಮನೆ ಬಿಟ್ಟು ಮುಂದಿನ ಮನೆಗೆ ಹೋಗುವರು. ಎಳೆಯ ಹೆಣ್ಣಿನ ಬಾಳು ಕೆಡಿಸಿದ ಹೊಟ್ಟೆಕಿಚ್ಚಿನವಳು ಎಂದು ಅವಳ ಹೆಸರು ಕಣಕಟ್ಟೆಯವರೆಗೂ ಹೋಯಿತು. ತವರಿನಲ್ಲಿ ನಾದಿನಿಯೇ ಅಂದು ತೋರಿಸಿದಳು. ಸುವರ್ಣಮ್ಮ ಯಾರಿಗೂ ಏನೂ ಹೇಳಲಿಲ್ಲ. ಸಿದ್ದಬಸಪ್ಪ ಮತ್ತೆ ಮದುವೆಯ ಮಾತೆತ್ತಲಿಲ್ಲ. ತಮ್ಮನ ಮಗನನ್ನು ದತ್ತು ತೆಗೆದುಕೊಂಡ. ಹೆಂಡತಿಯ ಮುಖ ಕಂಡರೆ ಅವನಿಗೆ ಹೆದರಿಕೆ. ಆ ಹೆದರಿಕೆಯಲ್ಲಿಯೇ ಅವನು ಅವಳ ಮೇಲೆ ಎಂದೂ ದನಿ ಎತ್ತಲಿಲ್ಲ, ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ದ್ರಾಕ್ಷಾಯಣಿಯನ್ನು ಬೇಲೂರಿನ ಜಯದೇವಪ್ಪ ಎಂಬ ದಿನಸಿ ಅಂಗಡಿಯವನಿಗೆ ಉಡಿಕೆ ಮಾಡಿಕೊಟ್ಟರಂತೆ, ಅವನ ಮೊದಲ ಹೆಂಡತಿ ಸತ್ತು ಇಬ್ಬರು ಮಕ್ಕಳಿದ್ದಾರಂತೆ, ಈಗ ಇವಳಿಗೂ ಗಂಡು ಮಗುವಾಯಿತಂತೆ ಎನ್ನುವ ಸುದ್ದಿ ಮಂಡಿಗೆ ಬಂದವರ ಬಾಯಿಂದ ಬಂತು. ಅಂದು ಸುವರ್ಣಮ್ಮ ಅಟ್ಟ ಹತ್ತಿ ಹೋಗಿ, ಕಾಯಿ ತಿರುವುವ ನೆಪದಲ್ಲಿ ಸಂಜೆಯವರೆಗೂ ಇಳಿಯಲಿಲ್ಲ. ಬೇಲೂರಿನಲ್ಲಿ ಮಳೆ ಹೆಚ್ಚು ಎಂಬ ಯೋಚನೆಯೂ ಅವಳಿಗೆ ಬಂತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿದ್ದಬಸಪ್ಪ ತೀರಿಕೊಂಡ. ವರ್ಷ ಕಳೆದ ಮೇಲೆ ಸುವರ್ಣಮ್ಮ, ಬೇಲೂರಿನಲ್ಲಿ ನೆಂಟರ ಮನೆಯಲ್ಲಿ ಗೃಹಪ್ರವೇಶವಿದೆ ಎಂದು ಹೇಳಿ ಬಸ್ಸು ಹತ್ತಿದಳು. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡಿಸುತ್ತಿದ್ದ ಬಸ್ಸು. ಜಾವಗಲ್ಲಿನ ಏರು ಹತ್ತಲಾರದೆ ನಿಂತಾಗ ಎಲ್ಲರೂ ಇಳಿದು ನಡೆದರು. ಹಳೇಬೀಡು ದಾಟುವಾಗ ಆಕಾಶ ಕಪ್ಪಿಟ್ಟು, ಬೇಲೂರು ಮುಟ್ಟುವಷ್ಟರಲ್ಲಿ ಮಳೆ ಹಿಡಿದಿತ್ತು.

ಜಯದೇವಪ್ಪನ ಅಂಗಡಿಯ ಹಿಂದೆಯೇ ಮನೆ. ಬಾಗಿಲಿಗೆ ಬಂದ ದ್ರಾಕ್ಷಾಯಣಿಯನ್ನು ಗುರುತಿಸಲು ಸುವರ್ಣಮ್ಮನಿಗೆ ಒಂದು ಗಳಿಗೆ ಹಿಡಿಯಿತು. ಮೈ ತುಂಬಿಕೊಂಡಿದ್ದಳು. ಸೊಂಟದಲ್ಲಿ ಒಂದು ಹೆಣ್ಣು ಮಗು.

"ಬನ್ನಿ," ಎಂದಳು.

ಕಾಲಿಗೆ ನೀರು ಕೊಟ್ಟಳು. ಚಾಪೆ ಹಾಸಿದಳು. ಸುವರ್ಣಮ್ಮನ ಬರಿದಾದ ಹಣೆಯನ್ನೂ ಕೈಯನ್ನೂ ನೋಡಿ, "ಸುದ್ದಿ ಕೇಳ್ದೆ," ಎಂದು ಕುಡಿಯಲು ಲೋಟದಲ್ಲಿ ನೀರು ಕೊಟ್ಟಳು. ಸುವರ್ಣಮ್ಮ ಮಗುವಿನ ಕಡೆ ಕೈ ಚಾಚಿದಳು. ಅದು ತಾಯಿಯ ಕತ್ತಿಗೆ ಮುಖ ಹುದುಗಿಸಿತು.

"ಆಮೆ ಉಳೀಲಿಲ್ಲ," ಎಂದಳು ದ್ರಾಕ್ಷಾಯಣಿ ಇದ್ದಕ್ಕಿದ್ದ ಹಾಗೆ. "ಇಲ್ಲಿಗೆ ಬಂದ ಮೊದಲನೇ ಮಳೆಗಾಲಕ್ಕೇ ಹೋಯ್ತು. ನೀವು ಮಾಡಿದಂಗೇ ಎಲ್ಲಾ ಮಾಡ್ದೆ. ಒಲೆ ಪಕ್ಕ ಇಟ್ಟೆ, ಬಿಸಿನೀರಲ್ಲಿ ಕೂರಿಸ್ದೆ, ನಾರು ಹಾಸ್ದೆ. ಮೂಗಲ್ಲಿ ಗುಳ್ಳೆ ಬರೋದು ನಿಲ್ಲಲೇ ಇಲ್ಲ. ಕೊನೇಗೆ ಬಾಯಿ ತೆರಕೊಂಡು ಉಸಿರಾಡ್ತಿತ್ತು. ಏನು ತಪ್ಪು ಮಾಡಿದ್ನೋ ಗೊತ್ತಾಗ್ಲಿಲ್ಲ."

"ಏನೂ ತಪ್ಪು ಮಾಡಿಲ್ಲ ಕಣೇ ನೀನು," ಎಂದಳು ಸುವರ್ಣಮ್ಮ. "ಅದು ಒಣ ನೆಲದ ಜೀವ. ಈ ಸೀಮೆ ತೇವಕ್ಕೆ ಯಾರು ಏನು ಮಾಡಿದ್ರೂ ಬದುಕ್ತಿರಲಿಲ್ಲ. ನಿನ್ನ ತಪ್ಪಲ್ಲ."

ದ್ರಾಕ್ಷಾಯಣಿ ಮಗುವನ್ನು ಕೆಳಗಿಳಿಸಿದಳು. ಅದು ಅಂಗಡಿಯ ಕಡೆ ಓಡಿತು. ಅವಳು ಗೋಡೆಗೊರಗಿ ಕೂತು ಹೇಳಿದಳು.

"ದೊಡ್ಡವನು ಹೊಟ್ಟೇಲಿ ನಿಂತಾಗ ನಂಗೆ ಗೊತ್ತಾಯ್ತು, ಕೊರತೆ ಯಾರದು ಅಂತ. ಆಮೇಲೆ ಅಪ್ಪನ್ನ ಬಿಡದೆ ಕೇಳ್ದೆ. ಅವರು ಎಲ್ಲಾ ಹೇಳಿದ್ರು. ನೀವು ಯಾಕೆ ಹಾಗಂದ್ರಿ ಅನ್ನೋದೂ ಹೇಳಿದ್ರು."

ಸುವರ್ಣಮ್ಮ ಲೋಟ ಕೆಳಗಿಟ್ಟಳು.

"ಗೊತ್ತಾದ ಮೇಲೆ ಬರಬೇಕಿತ್ತು ನಾನು," ಎಂದಳು ದ್ರಾಕ್ಷಾಯಣಿ. "ಎಷ್ಟೋ ಸಲ ಹೊರಟೆ. ಆಗ್ಲಿಲ್ಲ. ಮಠದಲ್ಲಿ ನೀವು ನಿಂತ್ಕೊಂಡು ಹೇಳಿದ್ದು ಇವತ್ತಿಗೂ ಕಿವೀಲಿ ಹಂಗೇ ಐತೆ. ಸುಳ್ಳು ಅಂತ ಗೊತ್ತು. ಆದ್ರೂ ಹೋಗಲ್ಲ. ಮದುವೆಗೆ ಮುಂಚೆಯೇ ಅಪ್ಪಂಗೆ ಒಂದು ಮಾತು ಹೇಳಿದ್ರೆ ಇದ್ಯಾವುದೂ ಬೇಕಾಗಿರಲಿಲ್ಲ, ಅಲ್ವಾ?"

"ಹೂಂ," ಎಂದಳು ಸುವರ್ಣಮ್ಮ. "ಹೇಳಬೇಕಿತ್ತು."

ಇಬ್ಬರೂ ಅತ್ತರು, ಬೇರೆ ಬೇರೆಯಾಗಿ, ತಮ್ಮ ತಮ್ಮ ಜಾಗದಲ್ಲಿ ಕೂತು. ಆಮೇಲೆ ದ್ರಾಕ್ಷಾಯಣಿ ಎದ್ದು ಎಲೆ ಹಾಕಿದಳು. ಊಟ ಬಡಿಸುವಾಗ ಇನ್ನೂ ಸ್ವಲ್ಪ ಹಾಕಿಕೊಳ್ಳಿ, ಮಜ್ಜಿಗೆ ತಗೊಳ್ಳಿ ಎಂದು ಉಪಚಾರ ಮಾಡಿದಳು. ಪ್ರತಿಸಲವೂ ನೀವು ಎಂದೇ ಕರೆದಳು. ಸುವರ್ಣಮ್ಮ ಊಟ ಮುಗಿಯುವವರೆಗೂ ಬೇರೊಂದು ಮಾತಿಗಾಗಿ ಕಿವಿಗೊಟ್ಟುಕೊಂಡೇ ಇದ್ದಳು. ಅದು ಬರಲಿಲ್ಲ.

ಹೊರಡುವಾಗ ದ್ರಾಕ್ಷಾಯಣಿ ಬಸ್ಸಿನವರೆಗೆ ಬಂದಳು. ಕೊಡೆಯನ್ನು ಸುವರ್ಣಮ್ಮನ ಕಡೆಗೇ ಹೆಚ್ಚು ಓರೆ ಹಿಡಿದಿದ್ದರಿಂದ ಅವಳ ಒಂದು ಭುಜ ಪೂರ್ತಿ ನೆನೆದಿತ್ತು. ಬಸ್ಸು ಹೊರಟಾಗ ಕೈ ಎತ್ತಿದಳು. ಮತ್ತೆ ಬನ್ನಿ ಎಂದಳೋ ಏನೋ, ಎಂಜಿನ್ನಿನ ಗದ್ದಲದಲ್ಲಿ ಕೇಳಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಮಾತಿಗೆಳೆದಳು. "ಬೇಲೂರಲ್ಲಿ ಯಾರಿದಾರವ್ವ ನಿಮಗೆ?"

ಸುವರ್ಣಮ್ಮ ಬಾಯಿ ತೆರೆದಳು. ಸವತಿ ಎನ್ನುವಂತಿರಲಿಲ್ಲ. ತಂಗಿ ಎನ್ನಲು, ಮಗಳು ಎನ್ನಲು ತನಗೆ ಹಕ್ಕಿದೆಯೋ ಇಲ್ಲವೋ ಗೊತ್ತಾಗಲಿಲ್ಲ. "ಗೊತ್ತಿರೋರು," ಎಂದಳು. ಆ ಹೆಂಗಸು ತಲೆಯಾಡಿಸಿ ತನ್ನ ಮಕ್ಕಳ ವಿಷಯ ಹೇಳತೊಡಗಿದಳು. ಹಳೇಬೀಡು ದಾಟಿದ ಮೇಲೆ ಮಳೆ ನಿಂತಿತು, ಜಾವಗಲ್ಲಿನ ಆಚೆಗೆ ನೆಲವೂ ಒಣಗಿತ್ತು. ಸುವರ್ಣಮ್ಮ ಅರಸೀಕೆರೆಯವರೆಗೂ ಹೂಂ ಹೂಂ ಅನ್ನುತ್ತ ಕೇಳುತ್ತಿದ್ದಳು.